ಹೆಸರು ಹಿಡಿಯದ ಲೇಖನ

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾನು ನಿವೃತ್ತ ತಹಶೀಲ್ದಾರನಾಗಿದ್ದೆ, ಹಲ್ಲಿನ ಡಾಕ್ಟರಾಗಿದ್ದೆ, ಕೊಬ್ಬರಿ ವರ್ತಕನಾಗಿದ್ದೆ, ಎಪ್ಪತ್ತು ದಾಟಿದ ಒಬ್ಬ ಮೇಷ್ಟ್ರ ಚಡ್ಡಿ ದೋಸ್ತನೂ ಆಗಿದ್ದೆ. ರೇಣುಕಾ ಮಾತ್ರ ಆಗಿರಲಿಲ್ಲ. ರೇಣುಕಾ ಅಂದರೆ ನಾನೇ. ಊರು ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರ, ಓದಿದ್ದು ಕನ್ನಡ ಎಂ.ಎ., ಆಸೆ ಕತೆಗಾರ್ತಿಯಾಗುವುದು, ಕೋಪ ಮೂಗಿನ ತುದಿಯಲ್ಲಿ.

ಚಿತ್ರದುರ್ಗದ ಲಕ್ಷ್ಮೀ ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅದರ ಮೇಲಿನ ಎರಡು ಕೋಣೆಗಳೇ ಹಗೇವು ಪ್ರಕಾಶನ. ಮಾಲೀಕರು ಕೊಟ್ರೇಶ್ ಸರ್. 'ಸಹಾಯಕ ಸಂಪಾದಕಿ ಬೇಕಾಗಿದ್ದಾರೆ' ಎಂದು ಅವರು ವಾಟ್ಸಾಪಿನಲ್ಲಿ ಹಾಕಿದ್ದನ್ನು ನೋಡಿ ನಾನು ನನ್ನ ಕತೆಗಳ ಕಟ್ಟು ಹಿಡಿದುಕೊಂಡು ಓಡಿದ್ದೆ. ಅವರು ಕಟ್ಟಿನ ಮೊದಲ ಪುಟ ನೋಡಿ, "ಅಕ್ಷರ ತಪ್ಪಿಲ್ಲ, ನಾಳೆಯಿಂದ ಬಾ" ಎಂದರು. ಕತೆ ಹೇಗಿದೆ ಎಂದು ಹೇಳಲೇ ಇಲ್ಲ. ಮಾರನೇ ದಿನ ಹೋಗಿ ನೋಡಿದರೆ ಕೆಲಸ ಅಭಿನಂದನ ಗ್ರಂಥದ್ದು.

ಅಭಿನಂದನ ಗ್ರಂಥ ನೀವು ನೋಡಿರುತ್ತೀರಿ. ದಪ್ಪ ರಟ್ಟು, ಮೇಲೆ ಶಾಲು ಹೊದ್ದವರ ಫೋಟೊ, ಒಳಗೆ ಪುಟಗಟ್ಟಲೆ ಹೊಗಳಿಕೆ. ಹೊಗಳುವುದಕ್ಕೆ ಎಲ್ಲರೂ ಒಪ್ಪುತ್ತಾರೆ, ಬರೆಯುವುದಕ್ಕೆ ಒಬ್ಬರೂ ಕೂರುವುದಿಲ್ಲ. ಫೋನ್ ಮಾಡಿದರೆ, "ಟೈಮ್ ಎಲ್ಲೈತಮ್ಮ, ನೀವೇ ಏನಾರ ಚೆನ್ನಾಗಿ ಬರ್ಕಳ್ರಿ, ನನ್ನ ಹೆಸರು ಹಾಕ್ಕಳ್ರಿ" ಎಂದು ಇಟ್ಟುಬಿಡುತ್ತಾರೆ. ಹಾಗೆ ಬರೆದುಕೊಳ್ಳುವವಳು ನಾನು.

ಆ ಸಲದ ಗ್ರಂಥ ಹೊಸದುರ್ಗ ತಾಲ್ಲೂಕು ಬಾಗೂರಿನ ಪಂಚಾಕ್ಷರಪ್ಪ ಮೇಷ್ಟ್ರದ್ದು. ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಮಾಡಿಸುತ್ತಿದ್ದರು. ಪುಸ್ತಕದ ಹೆಸರು 'ಪಂಚಾಕ್ಷರ ಪ್ರಭೆ'. ಆ ಪುಣ್ಯಾತ್ಮರನ್ನು ನಾನು ಕಣ್ಣಿಂದ ಕಂಡಿರಲಿಲ್ಲ. ಆದರೂ ಶಿಸ್ತಿನ ಸಿಪಾಯಿ ಎಂದೆ, ಸರಳ ಸಜ್ಜನ ಎಂದೆ, ಎಲೆಮರೆಯ ಕಾಯಿ ಎಂದು ಮೂರು ಲೇಖನದಲ್ಲಿ ಬರೆದೆ. "ಒಂದೇ ಮರದಾಗೆ ಎಷ್ಟು ಕಾಯಿ ಬಿಡ್ತೀಯಮ್ಮ? ಒಂದು ಇಟ್ಕಂಡು ಉಳಿದವು ಕಿತ್ತಾಕು" ಎಂದರು ಕೊಟ್ರೇಶ್ ಸರ್. ನನಗೆ ನಗು ಬಂತು, ಜೊತೆಗೆ ಅಳುವೂ ಬಂತು. ಇದಕ್ಕೇನಾ ನಾನು ಎಂ.ಎ. ಮಾಡಿದ್ದು?

ಮನೆಯಲ್ಲಿ ಅವ್ವನದು ಬೇರೆ ಕಾಟ. ಅವಳು ಅಂಗನವಾಡಿಯಲ್ಲಿ ಸಹಾಯಕಿ. ಮಗಳು ದುರ್ಗದಲ್ಲಿ ಪುಸ್ತಕ ಬರೆಯುತ್ತಾಳೆ ಎಂದು ಊರೆಲ್ಲ ಡಂಗುರ ಸಾರಿದ್ದಳು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಚಹಾ ಕೊಡುವ ಮೊದಲೇ ಕೇಳುವಳು.

"ನಿನ್ನ ಹೆಸರು ಯಾವಾಗ ಬರ್ತತೆ ಪುಸ್ತಕದಾಗೆ?"

"ಬರ್ತತೆ ಬಿಡವ್ವ, ಪುಸ್ತಕ ಏನು ಉಪ್ಪಿಟ್ಟಾ, ಹಿಂಗೆ ಹಾಕಿ ಹಂಗೆ ಇಳಿಸಾಕೆ?"

ಹಾಗೆ ಹಾರಿಸಿಬಿಡುತ್ತಿದ್ದೆ. ಆದರೆ ನನಗೂ ಬೇಕಾಗಿದ್ದುದು ಅದೊಂದೇ. ಎಲ್ಲೋ ಒಂದು ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಾದರೂ ಸರಿ, ನಾನು ಬರೆದದ್ದರ ಕೆಳಗೆ ನನ್ನ ಹೆಸರು. ಅದನ್ನು ಅವ್ವ ಬೆರಳಿಟ್ಟು ಓದಬೇಕು. ಅದನ್ನು ಕೊಟ್ರೇಶ್ ಸರ್‌ಗೆ ಒಮ್ಮೆ ಹೇಳಿಯೂ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಮೊದಲು ಕೈ ಪಳಗಲಿ, ಹೆಸರು ಎಲ್ಲಿಗೂ ಓಡಿಹೋಗಲ್ಲ" ಎಂದು ಕರಡು ಪ್ರತಿಯತ್ತ ಕಣ್ಣು ತಿರುಗಿಸಿದರು.

ಕೊನೆಗೆ ಒಂದು ಲೇಖನ ಬಾಕಿ ಉಳಿಯಿತು. ಮೇಷ್ಟ್ರ ಹೆಂಡತಿ ಶಿವಗಂಗಮ್ಮನವರದು, 'ಬಾಳಸಂಗಾತಿ ಕಂಡಂತೆ'. ನಾನು ಆಫೀಸಿನಲ್ಲೇ ಕೂತು ಹೊಸೆದೆ. 'ನನ್ನ ಪತಿ ಪಂಚಾಕ್ಷರಪ್ಪನವರು ನನ್ನ ಬಾಳಿನ ನಂದಾದೀಪ' ಎಂದು ಶುರು, 'ಏಳೇಳು ಜನ್ಮಕ್ಕೂ ಪಂಚಾಕ್ಷರಪ್ಪನವರೇ ನನ್ನ ಪತಿಯಾಗಲಿ' ಎಂದು ಮುಕ್ತಾಯ. ಕೊಟ್ರೇಶ್ ಸರ್‌ಗೆ ಬಲು ಹಿಡಿಸಿತು. "ಬಾಗೂರಿಗೆ ಹೋಗಿ ಒಂದ್ಸಲ ಅವರಿಗೆ ಓದಿ ಹೇಳಿ, ಫೋಟೊ ಇಸ್ಕಂಡು ಬಾ" ಎಂದರು.

ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಬಾಗೂರು ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮೇಷ್ಟ್ರು ತೋಟಕ್ಕೆ ಹೋಗಿದ್ದರು. ಶಿವಗಂಗಮ್ಮ ಪಡಸಾಲೆಯಲ್ಲಿ ಕೂತು ಕೊಬ್ಬರಿ ತುರಿಯುತ್ತಿದ್ದರು. ಹಣೆಯ ತುಂಬ ವಿಭೂತಿ, ಕೈತುಂಬ ಹಸಿರು ಬಳೆ. "ಬಾ ತಾಯಿ, ಕುಂತ್ಕ. ಮೊದ್ಲು ಒಗ್ಗರಣೆ ಮಂಡಕ್ಕಿ ತಿನ್ನು, ಆಮೇಲೆ ನಿನ್ನ ಓದು" ಎಂದರು. ತಿಂದು, ನೀರು ಕುಡಿದು, ಗಂಟಲು ಸರಿಮಾಡಿಕೊಂಡು ನಾನು ಮೊದಲ ಸಾಲು ಓದಿದೆ ನೋಡಿ, ಆ ತಾಯಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡುಬಿಟ್ಟರು.

"ಶಿವಶಿವಾ! ನಿಲ್ಸು, ನಿಲ್ಸು! ಏನ್ ಹುಡುಗಿ ನೀನು, ನನ್ನ ಬಾಯಾಗೆ ಅವರ ಹೆಸರು ತುರುಕ್ತೀಯಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. "ಅಮ್ಮ, ನೀವು ಹೇಳೋದು ಬ್ಯಾಡ. ಬರೀ ಬರವಣಿಗೆ ಇದು."

"ಬರವಣಿಗೆ ಆದ್ರೇನು? ಕೆಳಗೆ ಬರೆದೋಳು ಶಿವಗಂಗಮ್ಮ ಅಂತ ಹಾಕ್ತೀಯೋ ಇಲ್ವೋ? ಓದ್ದೋರು ಏನಂತಾರೆ? ಮದುವೆಯಾಗಿ ಐವತ್ತು ವರ್ಷ ಬಾಯಿ ಕಟ್ಕಂಡಿದ್ದ ಮುದುಕಿ, ಈಗ ಗಂಡನ ಹೆಸರು ಹಿಡಿದು ಕರೀತಾಳೆ ಅಂತ ನಗಲ್ವಾ?"

ಅಯ್ಯೋ ನನ್ನ ಬುದ್ಧಿಗಿಷ್ಟು! ನನ್ನ ಅವ್ವನೂ ಅಪ್ಪನ ಹೆಸರು ಹೇಳುವವಳಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಾಳೆ. ಗೊತ್ತಿದ್ದೂ ಗೊತ್ತಿದ್ದೂ ನಾನು ಒಂದೇ ಲೇಖನದಲ್ಲಿ ಹದಿನೈದಿಪ್ಪತ್ತು ಸಲ ಈ ತಾಯಿಯ ಬಾಯಿಂದ ಪಂಚಾಕ್ಷರಪ್ಪ ಪಂಚಾಕ್ಷರಪ್ಪ ಎಂದು ಹೇಳಿಸಿದ್ದೆ. ತಹಶೀಲ್ದಾರರ ಲೇಖನದಲ್ಲಿ ನಡೆದದ್ದು ಹೆಂಡತಿಯ ಲೇಖನದಲ್ಲಿ ನಡೆಯುತ್ತದೆಯೇ?

"ನಿಂಗೆ ಗೊತ್ತಾ?" ಎಂದರು ಶಿವಗಂಗಮ್ಮ, ಕೈ ಕಿವಿಯಿಂದ ತೆಗೆದು. "ಮಠದಾಗೆ ಎಲ್ರೂ ಆ ಮಂತ್ರದ ಹೆಸರು ಹೇಳ್ತಾರೆ, ನಾನು ಐದಕ್ಷರದ ಮಂತ್ರ ಅಂತೀನಿ. ಅವರು ಉಡೋದನ್ನ ಬಿಳೇದು ಅಂತೀನಿ. ತಿಥಿ ನಕ್ಷತ್ರ ನೋಡೋ ಪುಸ್ತಕಕ್ಕೆ ಗ್ವಾಡೆ ಪುಸ್ತಕ ಅಂತೀನಿ. ಊರಿನ ಮೆಂಬರು ಕೂರೋ ಆಫೀಸಿಗೆ ಮೆಂಬರಾಫೀಸು. ಮೊನ್ನೆ ನನ್ನ ಮಗನ ಬೈಕು ದಾರ್ಯಾಗೆ ಕೆಟ್ಟು ನಿಂತು, ಏನಾಗೈತೆ ಅಂತ ಕೇಳಿದ್ರು. ಅದು ಹೆಂಗೆ ಹೇಳ್ಲಿ? ಗಾಲಿ ಸತ್ತೋಗೈತೆ ಅಂದೆ!"

ಪಂಚೆ, ಪಂಚಾಂಗ, ಪಂಚಾಯ್ತಿ, ಪಂಚರ್! ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು. ನಗುತ್ತಲೇ ನಾನು ತಂದ ಹಾಳೆಗಳನ್ನು ಹರಿದು ಚೀಲಕ್ಕೆ ತುರುಕಿದೆ. ನಂದಾದೀಪ ಹಾಳಾಗಿ ಹೋಗಲಿ. "ಅಮ್ಮ, ನೀವೇ ಹೇಳ್ರಿ. ಹೆಸರು ಹೇಳ್ದೇ ಐವತ್ತು ವರ್ಷ ಅವರನ್ನ ಹೆಂಗೆ ಕರೆದ್ರಿ?" ಎಂದೆ.

ಅವರು ಎದ್ದು ಒಳಗೆ ಹೋಗಿ ಒಂದು ಹಿತ್ತಾಳೆ ತಟ್ಟೆ ತಂದರು. ಹಿತ್ತಲ ಬಾಗಿಲಲ್ಲಿ ನಿಂತು ಸೌಟಿನಿಂದ ಒಂದೇ ಏಟು ಹಾಕಿದರು. ತೋಟದ ಕಡೆಯಿಂದ "ಬಂದೇ" ಎಂದು ಗಂಡಸಿನ ದನಿ ಕೇಳಿತು.

"ಒಂದು ಏಟು ಅಂದ್ರೆ ಊಟ. ಎರಡು ಏಟು ಅಂದ್ರೆ ಯಾರೋ ಬಂದವರೆ. ಬಿಡದಂಗೆ ಬಡಿದ್ರೆ ನಂಗೆ ಸಿಟ್ಟು ಬಂದೈತೆ ಅಂತ. ಬಿಡದಂಗೆ ಬಡಿದ್ರೆ ಮಾತ್ರ ಅವರಿಗೆ ಕೇಳ್ಸಲ್ಲ!"

ಮಾತು ಅಲ್ಲಿಂದ ಹೊರಟಿತು. ಹೊಸದಾಗಿ ಮದುವೆಯಾದಾಗ ಕೆಮ್ಮಿ ಕರೆಯುತ್ತಿದ್ದರಂತೆ, ಅತ್ತೆ ಅದು ಕ್ಷಯವೇನೋ ಎಂದು ಹೆದರಿ ಕಷಾಯ ಕುಡಿಸಿದರಂತೆ. ಶಾಲೆಯಲ್ಲಿ ಯಾವುದಾದರೂ ಮಗುವಿಗೆ ಹೊಡೆದ ದಿನ ಮೇಷ್ಟ್ರು ರಾತ್ರಿ ಊಟ ಮಾಡುತ್ತಿರಲಿಲ್ಲವಂತೆ. "ಅವತ್ತು ನಾನೂ ತಟ್ಟೆ ಬಡೀತಿರ್ಲಿಲ್ಲ" ಎಂದರು. ಶಿಸ್ತಿನ ಸಿಪಾಯಿಯ ಬಗ್ಗೆ ನಾನು ಬರೆದ ಯಾವ ಲೇಖನದಲ್ಲೂ ಇದು ಇರಲಿಲ್ಲ.

ಆಮೇಲೆ ಹಿರಿಯೂರಿನ ಮಾತು ಬಂತು. ಮದುವೆಯಾದ ಹೊಸತರಲ್ಲಿ ನೆಂಟರ ಮನೆಗೆಂದು ಹರಿಯಬ್ಬೆಗೆ ಹೊರಟಿದ್ದರಂತೆ. ಹಿರಿಯೂರು ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಮೇಷ್ಟ್ರು ತಪ್ಪಿಸಿಕೊಂಡರು. ಇವರು ಅಳುತ್ತ ಮೈಕಿನವನ ಹತ್ತಿರ ಹೋದರೆ ಅವನು, "ಯಜಮಾನರ ಹೆಸರೇನಮ್ಮ? ಕೂಗ್ತೀನಿ" ಎಂದ. ಇವರ ಬಾಯಿಗೆ ಬೀಗ.

"ಅವನು ಕೇಳ್ತಾನೆ, ನಾನು ನೆಲ ನೋಡ್ತೀನಿ. ಹರಿಯಬ್ಬೆ ಬಸ್ಸು ಹೊಂಟು ನಿಂತೈತೆ. ಕೊನಿಗೆ ಏನ್ ಮಾಡ್ದೆ ಹೇಳು? ಅಣ್ಣ, ನನ್ನ ಹೆಸರೇ ಕೂಗಪ್ಪ ಅಂದೆ. ಬಾಗೂರು ಶಿವಗಂಗಮ್ಮ ಇಲ್ಲಿದ್ದಾರೆ, ಬಾಗೂರು ಶಿವಗಂಗಮ್ಮ ಇಲ್ಲಿದ್ದಾರೆ ಅಂತ ಕೂಗ್ದ. ಅವರು ಎಲ್ಲಿದ್ರೋ, ಎದ್ನೋ ಬಿದ್ನೋ ಅಂತ ಓಡಿ ಬಂದ್ರು. ಕಳೆದೋಗಿದ್ದು ಅವರು, ಕೂಗಿದ್ದು ನನ್ನ ಹೆಸರು!" ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಹೆಸರು ಅಷ್ಟು ಜೋರಾಗಿ ನಾನು ಅವತ್ತೇ ಕೇಳಿದ್ದು ತಾಯಿ. ಎಷ್ಟ್ ಚೆನ್ನಾಗೈತೆ ಅನ್ಸ್ತು."

ಊಟಕ್ಕೆ ಬಂದ ಮೇಷ್ಟ್ರಿಗೆ ಕೈಮುಗಿದು, ಫೋಟೊ ಇಸಿದುಕೊಂಡು ಹೊರಟೆ.

ಬಸ್ಸಿನಲ್ಲೇ ಬರೆಯಲು ಶುರು ಮಾಡಿದೆ. ಮನೆಗೆ ಬಂದು ಮುಗಿಸಿದೆ. ಇಡೀ ಲೇಖನದಲ್ಲಿ ಪಂಚಾಕ್ಷರಪ್ಪ ಎಂಬ ಹೆಸರು ಒಮ್ಮೆಯೂ ಇಲ್ಲ. ಅವರು, ಇವರು, ನಮ್ಮನೆಯವರು, ಅಷ್ಟೇ. ಆದರೆ ಪ್ರತಿ ಸಾಲಿನಲ್ಲೂ ಆ ಮನುಷ್ಯ ಓಡಾಡುತ್ತಿದ್ದರು. ಓದಿ ನೋಡಿಕೊಂಡೆ. ಚೆನ್ನಾಗಿತ್ತು. ಯಾರು ಏನೇ ಅನ್ನಲಿ, ಚೆನ್ನಾಗಿತ್ತು! ಕೆಳಗೆ 'ಶಿವಗಂಗಮ್ಮ, ಬಾಗೂರು' ಎಂದು ಬರೆದು, ಅದರ ಕೆಳಗೆ ಸಣ್ಣದಾಗಿ 'ನಿರೂಪಣೆ: ರೇಣುಕಾ' ಎಂದು ಸೇರಿಸಿದೆ. ಅವರು ಹೇಳಿದ್ದು, ನಾನು ಬರೆದದ್ದು. ಇದರಲ್ಲಿ ಸುಳ್ಳೇನಿದೆ? ಖುಷಿ ತಡೆಯಲಾರದೆ ಅವ್ವನಿಗೂ ಹೇಳಿಬಿಟ್ಟೆ. ಅವಳು ಬಿಡುಗಡೆ ದಿನಕ್ಕೆ ಉಡಲು ಸೀರೆ ತೆಗೆದಿಟ್ಟಳು.

ಕೊಟ್ರೇಶ್ ಸರ್ ಲೇಖನ ಓದುತ್ತ 'ಗಾಲಿ ಸತ್ತೋಗೈತೆ' ಎಂಬಲ್ಲಿ ಗಹಗಹಿಸಿ ನಕ್ಕರು. ಹಿರಿಯೂರು ಬಸ್ ಸ್ಟ್ಯಾಂಡಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಪುಸ್ತಕದಾಗೆ ಇದೊಂದೇ ನೋಡಮ್ಮ ಓದೋ ಹಂಗಿರೋದು" ಎಂದರು. ಮರುಕ್ಷಣ ಕಂಪ್ಯೂಟರಿನಲ್ಲಿ ಕೊನೆಯ ಸಾಲು ಅಳಿಸಿದರು.

"ಸರ್!"

"ಕೂಗಬೇಡ. ಇದೊಂದಕ್ಕೆ ನಿರೂಪಣೆ ಅಂತ ಹಾಕಿದ್ರೆ, ಉಳಿದವನ್ನ ಯಾರು ಬರೆದ್ರು ಅಂತ ಕೇಳಲ್ವಾ ಜನ? ತಹಶೀಲ್ದಾರ್ರ ಮಾನ ಏನಾಗ್ಬೇಕು?"

"ನನ್ನ ಹೆಸರು ಹಾಕಿದ್ರೆ ಅವರ ಮಾನ ಹೋಗುತ್ತಾ? ಬರೆಯದೇ ಬರೆದೆ ಅಂದೋರಿಗೆ ಇರೋ ಮಾನ, ಬರೆದೋಳಿಗೆ ಇಲ್ವಾ?"

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. "ಇಪ್ಪತ್ತು ವರ್ಷದಿಂದ ಇದೇ ಮಾಡ್ತಿದೀನಿ ಕಣಮ್ಮ. ಮಂತ್ರಿಗಳಿಗೆ ಮುನ್ನುಡಿ ಬರೆದಿದೀನಿ. ಕೊಟ್ರೇಶ ಬರೀತಾನೆ ಅಂತ ಯಾರಿಗ್ ಗೊತ್ತು? ಪದ್ಧತಿ ಇದು" ಎಂದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಅವರ ಮೇಲೆ ಉರಿದು ಬೀಳಬೇಕು ಅನ್ನಿಸಿತು, ಪಾಪ ಅಂತಲೂ ಅನ್ನಿಸಿತು. ಬಾಗಿಲು ದಢಾರನೆ ಹಾಕಿಕೊಂಡು ಹೋದೆ. ಮಾರನೇ ದಿನ ಬೆಳಿಗ್ಗೆ ಮುಖ ಊದಿಸಿಕೊಂಡು ಕೆಲಸಕ್ಕೆ ಬಂದೆ. ಬೇರೆಲ್ಲಿಗೆ ಹೋಗಲಿ? ಬರೆಯುವ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬೇಡವಾಗಿತ್ತು. ಅವ್ವನಿಗೆ ಮಾತ್ರ ನಿಜ ಹೇಳಲು ಬಾಯಿ ಬರಲಿಲ್ಲ.

ಬಿಡುಗಡೆ ಹೊಸದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ. ಅವ್ವ ಮುಂದಿನಿಂದ ಎರಡನೇ ಸಾಲಿನಲ್ಲೇ ಕೂತಿದ್ದಳು. ನನ್ನ ಕೆಲಸ ಹಾರ, ಶಾಲು, ಹಣ್ಣಿನ ತಟ್ಟೆ ಹಿಡಿದುಕೊಂಡು ವೇದಿಕೆಯ ಬದಿಯಲ್ಲಿ ನಿಲ್ಲುವುದು. ಕಾರ್ಯಕ್ರಮ ಶುರುವಾಗುವ ಮೊದಲು ಶಿವಗಂಗಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಪುಸ್ತಕ.

"ಸೊಸೆ ಓದಿ ಹೇಳಿದ್ಲು. ನನ್ನ ಮಾತು ಇದ್ದಂಗೇ ಐತೆ. ಎಲ್ಲಿ, ನಿನ್ನ ಹೆಸರು ತೋರ್ಸು."

"ಇಲ್ಲಮ್ಮ. ಹಾಕಲ್ಲ. ಪದ್ಧತಿ ಅಂತೆ."

"ಎಂಥಾ ಪದ್ಧತಿ?" ಎಂದು ಅವರು ದೂರದಲ್ಲಿ ಅತಿಥಿಗಳಿಗೆ ಕುರ್ಚಿ ಸರಿಮಾಡುತ್ತಿದ್ದ ಕೊಟ್ರೇಶ್ ಸರ್ ಕಡೆ ನೋಡಿದರು. "ನಿನ್ನ ಹೆಸರು ಹೇಳ್ದಂಗಿರಾಕೆ ನೀನೇನು ಅವನ ಗಂಡನಾ?"

ಅಷ್ಟು ಹೊಟ್ಟೆಯುರಿಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಹಣ್ಣಿನ ತಟ್ಟೆ ಅಲ್ಲಾಡಿ ಒಂದು ಮೋಸಂಬಿ ಉರುಳಿತು.

ಭಾಷಣಗಳು ನಡೆದವು. ತಹಶೀಲ್ದಾರರು ನಾನು ಬರೆದದ್ದನ್ನೇ ತಾವು ಬರೆದದ್ದೆಂದು ನೋಡಿಕೊಂಡು ಓದಿದರು, ಮಧ್ಯೆ ಒಂದು ಪುಟ ಬಿಟ್ಟೂಬಿಟ್ಟರು. ಯಾರಿಗೂ ಗೊತ್ತಾಗಲಿಲ್ಲ. ಪಂಚಾಕ್ಷರಪ್ಪ ಮೇಷ್ಟ್ರು ಹಾರ ಹೊತ್ತು ಕೂತಿದ್ದರು, ಪಕ್ಕದಲ್ಲಿ ಶಿವಗಂಗಮ್ಮ. ಕೊನೆಗೆ ನಿರೂಪಕರು, "ಈಗ ಅಮ್ಮನವರು ಎರಡು ಮಾತಾಡಬೇಕು" ಎಂದು ಮೈಕನ್ನು ಅವರ ಮುಂದೆ ಹಿಡಿದರು. ಅವರು ಬೇಡ ಬೇಡ ಎಂದು ಕೈಯಾಡಿಸಿದರು. ಹಿಂದಿನ ಸಾಲಿನಿಂದ ಯಾರೋ ಹೆಂಗಸು ಕೂಗಿದಳು.

"ಮಾತು ಬ್ಯಾಡ ಬಿಡ್ರಿ! ಒಡಪು ಹೇಳಿ ಹೆಸರು ಹೇಳ್ಸ್ರಿ!"

ಇಡೀ ಮಂಟಪ ಹೋ ಎಂದಿತು. ಮದುವೆ ಮನೆಯಲ್ಲಿ ಹೊಸ ಹೆಣ್ಣನ್ನು ಕಾಡಿಸುವಂತೆ ಎಪ್ಪತ್ತರ ಹತ್ತಿರದ ಹೆಂಗಸನ್ನು ಕಾಡಿಸಿದರು. ಪ್ರಾಸ ಕೂಡಿಸಿ ಒಡಪಿನಲ್ಲಿ ಕಟ್ಟಿದರೆ ಗಂಡನ ಹೆಸರು ಹೇಳಬಹುದು, ತಪ್ಪಿಲ್ಲ. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು, ಅವರಲ್ಲಿ ತಲೆ ನರೆತವರೂ ಇದ್ದರು, ಶಿಳ್ಳೆ ಹೊಡೆದರು. ಮೇಷ್ಟ್ರು ಹುಡುಗನಂತೆ ನಾಚಿಕೊಂಡು ಹಾರ ಸರಿಮಾಡಿಕೊಂಡರು. ಐವತ್ತು ವರ್ಷದಲ್ಲಿ ಹೆಂಡತಿಯ ಬಾಯಿಂದ ಕೇಳದ ಹೆಸರು. ಅವರಿಗೂ ಆಸೆ ಇರುವುದಿಲ್ಲವೇ?

ಶಿವಗಂಗಮ್ಮ ಎದ್ದರು. ತಲೆ ಮೇಲೆ ಸೆರಗು ಎಳೆದುಕೊಂಡರು. ಮೈಕಿನ ಹತ್ತಿರ ಬಂದರು. ಆಮೇಲೆ ರಾಗ ಎಳೆದು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಬೆಳ್ಳಿ ತಟ್ಟೆಯಾಗೆ ಕೊಬ್ಬರಿ ಬೆಲ್ಲದ ತುಣುಕ,
ನಾನಂದ ಮಾತೆಲ್ಲ ಬರೆದೋಳು ಹೊರಕೆರೆದೇವಪುರದ ರೇಣುಕ!"

ನನ್ನ ಕೈಯಲ್ಲಿದ್ದ ತಟ್ಟೆ ಎಲ್ಲಿ ಹೋಯಿತೋ ನೆನಪಿಲ್ಲ. ಚಪ್ಪಾಳೆ ಹೊಡೆಯಲು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಯಾರು ರೇಣುಕ, ಯಾರದು ಎಂದು ಗುಸುಗುಸು ಎದ್ದಿತು. ತಹಶೀಲ್ದಾರರು ತಮ್ಮ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡರು. ಶಿವಗಂಗಮ್ಮ ನನ್ನ ಕೈ ಹಿಡಿದು ಎಳೆದು ಮೈಕಿನ ಮುಂದೆ ನಿಲ್ಲಿಸಿದರು. "ಇವ್ಳೇ ನೋಡ್ರಿ. ನಮ್ಮನೆಗೆ ಬಂದು, ಕುಂತು, ಕೇಳಿ ಬರೆದ್ಲು" ಎಂದರು.

"ಲೇ ಇವ್ಳೇ," ಎಂದರು ಹಿಂದಿನಿಂದ ಮೇಷ್ಟ್ರು. ದನಿಯಲ್ಲಿ ನಿಜವಾದ ನಿರಾಸೆ ಇತ್ತು. "ಸನ್ಮಾನ ನಂದು. ನನ್ನ ಹೆಸರು ಹೇಳೋದು ಬಿಟ್ಟು ಆ ಹುಡುಗಿದು ಹೇಳ್ತೀಯಲ್ಲ?"

ಶಿವಗಂಗಮ್ಮ ತಿರುಗಿ ನೋಡಿದರು. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ನಿಮ್ಮ ಹೆಸರು ಪುಸ್ತಕದ ತುಂಬಾ ಐತಲ್ರಿ. ಈ ಹುಡುಗಿದು ಎಲ್ಲೂ ಇಲ್ಲ."

ಮೊದಲು ನಕ್ಕವರು ಮೇಷ್ಟ್ರೇ. ಕುರ್ಚಿಯಿಂದ ಎದ್ದು, ತಮ್ಮ ಕೊರಳಿನ ಹಾರಗಳಲ್ಲಿ ಒಂದನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. ಆಗ ಬಂತು ನೋಡಿ ಚಪ್ಪಾಳೆ. ವೇದಿಕೆಯ ಕೆಳಗೆ ಕೊಟ್ರೇಶ್ ಸರ್ ನೆಲ ನೋಡುತ್ತ ನಿಂತಿದ್ದರು. ಆಮೇಲೆ ಅವರೂ ಕೈ ತಟ್ಟಿದರು. ನಾನು ಅವರ ಹತ್ತಿರ ಇಳಿದು ಬಂದಾಗ, "ಬೈಂಡಿಂಗ್ ಆಗ್ದಿರೋ ಪ್ರತಿ ಇನ್ನೂ ಅವೆ. ನಿನ್ನ ಹೆಸರು ಸೇರ್ಸಿ ಆ ಪುಟ ಮತ್ತೆ ಹಾಕ್ಸಾಣ" ಎಂದರು. ಆಮೇಲೆ ಬೇರೆಲ್ಲೋ ನೋಡುತ್ತ, "ನಿನ್ನ ಕತೆ ಕಟ್ಟು ತಗಂಡು ಬಾ ನಾಳೆ. ಅವತ್ತು ಬರೀ ಒಂದು ಪುಟ ನೋಡಿದ್ದೆ" ಎಂದರು.

ನಾನು ಅವ್ವನ ಕಡೆ ಓಡಿದೆ. ಅವಳು ಪಕ್ಕದಲ್ಲಿ ಕೂತ, ಗುರುತು ಪರಿಚಯವಿಲ್ಲದ ಹೆಂಗಸಿನ ತೋಳು ಹಿಡಿದು ಅಲುಗಾಡಿಸುತ್ತಿದ್ದಳು.

"ಕೇಳ್ಸ್ತಾ? ನಿಮ್ಗೆ ಕೇಳ್ಸ್ತಾ? ಮೈಕಿನಾಗೆ ಅಂದ್ರಲ್ಲ ರೇಣುಕ ಅಂತ, ಅದು ನನ್ನ ಮಗಳ ಹೆಸರು ಕಣ್ರಿ. ನಾನೇ ಇಟ್ಟಿದ್ದು."